ಕೇಪಳದ ಬೇಲಿ: ಮೂರನೇ ಮಳೆಗಾಲದ ಹೊತ್ತಿಗೆ

ಪುತ್ತೂರು ಕಡೆಯ ನಮ್ಮ ಜಾಗ ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡೆ. ಅಂಗಳದ ಗಡಿಗೆ ಹಾಕಿದ ಕೇಪಳದ (ಇಕ್ಸೋರಾ) ಸಾಲು ಈಗ ಸೊಂಟದೆತ್ತರ ಬಂದಿದೆ. ನಡುವಿನ ಸಂದುಗಳು ಬಹುಪಾಲು ಮುಚ್ಚಿವೆ. ರಸ್ತೆ ಬದಿಯ ತುದಿ ಮಾತ್ರ ಇನ್ನೂ ತೆಳುವಾಗಿದೆ, ಅದರ ಕತೆ ಮುಂದೆ ಬರೆಯುತ್ತೇನೆ.

ಬೇಲಿಗೆ ಮೊದಲು ಯೋಚಿಸಿದ್ದು ದಾಸವಾಳ ಮತ್ತು ಕಣಗಿಲೆ. ದಾಸವಾಳ ಬೇಗ ಏಳುತ್ತದೆ, ಆದರೆ ಬಿಳಿ ಹಿಟ್ಟುತಿಗಣೆಯ ಕಾಟ ಬಿಡುವುದಿಲ್ಲ. ಕಣಗಿಲೆಯ ಎಲೆ, ಕಾಂಡ, ಹೂವು ಎಲ್ಲವೂ ವಿಷ. ದನವೂ ಮಕ್ಕಳೂ ಇರುವ ಮನೆಗೆ ಅದು ಬೇಡವೇ ಬೇಡ. ಕೇಪಳವಾದರೆ ಇದೇ ಗುಡ್ಡೆಯಲ್ಲಿ ತಾನಾಗಿ ಹುಟ್ಟಿ, ಏಪ್ರಿಲಿನ ಬಿಸಿಲಲ್ಲಿ ಯಾರೂ ನೀರು ಕೊಡದಿದ್ದರೂ ಕೆಂಪಗೆ ಹೂ ಬಿಡುವ ಗಿಡ. ವರ್ಷವಿಡೀ ಎಲೆ ಇರುತ್ತದೆ. ನರ್ಸರಿಯಲ್ಲಿ ಸಿಗುವ ಸಣ್ಣೆಲೆಯ ಗಿಡ್ಡ ಜಾತಿ ಕುಂಡಕ್ಕೆ ಚೆಂದ, ಬೇಲಿಗೆ ನನ್ನ ಆಯ್ಕೆ ಕಾಡು ಕೇಪಳವೇ.

ಮಳೆ ಹಿಡಿದ ಮೇಲೆ ಗುಡ್ಡೆಯ ಗಿಡಗಳಿಂದ ಪೆನ್ಸಿಲ್ ದಪ್ಪದ, ಅರ್ಧ ಬಲಿತ ರೆಂಬೆಗಳನ್ನು ಮೂರು ನಾಲ್ಕು ಗಿಣ್ಣಿರುವಂತೆ ಕತ್ತರಿಸಿ, ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ (ಚೀಲಗಳಲ್ಲಿ) ನೆಟ್ಟಿದ್ದೆ. ಬೀಜದಿಂದಲೂ ಆಗುತ್ತದೆ, ಆದರೆ ತುಂಬಾ ನಿಧಾನ. ಬೇರು ಬಿಟ್ಟವನ್ನು ಎರಡು ಸಾಲಾಗಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು, ಹಿಂದಿನ ಸಾಲಿನ ಗಿಡ ಮುಂದಿನ ಸಾಲಿನ ಸಂದಿಗೆ ಬರುವ ಹಾಗೆ ಇಳಿಸಿದೆವು. ಗುಂಡಿಗೆ ಹಟ್ಟಿಗೊಬ್ಬರ, ಮೇಲೆ ತರಗೆಲೆ. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು ಕೊಟ್ಟದ್ದು ಬಿಟ್ಟರೆ ಆಮೇಲೆ ಹೆಚ್ಚಿನ ಆರೈಕೆ ಕೇಳಲಿಲ್ಲ.

ಇನ್ನು ಆ ರಸ್ತೆ ಬದಿ. ಅಲ್ಲಿ ಗಿಡಗಳು ಸಿಮೆಂಟಿನ ಮೋಟುಗೋಡೆಯ ಬುಡದಲ್ಲಿವೆ. ಎರಡನೇ ವರ್ಷ ಚಿಗುರೆಲೆಗಳು ಹಳದಿಯಾಗತೊಡಗಿದವು. ನರಗಳು ಮಾತ್ರ ಹಸಿರು, ಹಳೆಯ ಎಲೆಗಳಿಗೆ ಏನೂ ಆಗಿರಲಿಲ್ಲ. ಇದು ಕಬ್ಬಿಣದ ಕೊರತೆಯ ಲಕ್ಷಣ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಸಿಮೆಂಟಿನ ಸುಣ್ಣ ಮಣ್ಣಿನ ಹುಳಿಯನ್ನು ಕಳೆದಾಗ ಬೇರಿಗೆ ಅದನ್ನು ಹೀರಲು ಆಗುವುದಿಲ್ಲ. ಕೇಪಳ ಕಾಫಿ ಗಿಡದ ಕುಟುಂಬಕ್ಕೆ ಸೇರಿದ್ದು, ಅದಕ್ಕೆ ಹುಳಿ ಮಣ್ಣೇ ಹಿತ. ಕರಾವಳಿಯ ಭಾರೀ ಮಳೆ ಮಣ್ಣಿನ ಸುಣ್ಣವನ್ನು ತೊಳೆದುಬಿಡುವುದರಿಂದಲೇ ಈ ಗುಡ್ಡೆಗಳು ಕೇಪಳಕ್ಕೆ ಒಗ್ಗಿವೆ. ಹಾಗಾಗಿ ಗೋಡೆ ಬುಡದ ಸಿಮೆಂಟಿನ ಚೂರುಗಳನ್ನು ಹೆಕ್ಕಿ ತೆಗೆದು, ಗುಡ್ಡೆಯ ಮಣ್ಣಿಗೆ ಕೊಳೆತ ತರಗೆಲೆ ಬೆರೆಸಿ ತುಂಬಿದೆವು. ಎಲೆಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಲೀಟರಿಗೆ 5 ಗ್ರಾಂ, ಸ್ವಲ್ಪ ಲಿಂಬೆರಸ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿದೆವು. ಹೊಸ ಚಿಗುರು ಈಗ ಹಸಿರಾಗಿಯೇ ಬರುತ್ತಿದೆ. ಒಲೆಯ ಬೂದಿ, ಸುಡುಮಣ್ಣು (ತರಗೆಲೆ ಹಾಕಿ ಸುಟ್ಟ ಮಣ್ಣು) ಎರಡೂ ಮಣ್ಣಿನ ಹುಳಿ ಕಳೆಯುವುದರಿಂದ ಅವನ್ನು ಈ ಸಾಲಿನ ಹತ್ತಿರ ತರಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅವು ತರಕಾರಿ ಸಾಲಿಗೆ ಹೋಗಲಿ.

ಕತ್ತರಿಸುವ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಕೇಪಳ ಹೂ ಬಿಡುವುದು ರೆಂಬೆಯ ತುದಿಯಲ್ಲಿ. ತಿಂಗಳು ತಿಂಗಳು ಮೇಲ್ಮೈ ಸವರಿ ಗೋಡೆಯ ಹಾಗೆ ಮಟ್ಟಸ ಮಾಡಿದರೆ ಹಸಿರು ಉಳಿಯುತ್ತದೆ, ಹೂ ಹೋಗುತ್ತದೆ. ಚಿಕ್ಕಂದಿನಲ್ಲಿ ಕುಡಿ ಚಿವುಟಿದರೆ ಬುಡದಿಂದ ಕವಲು ಬರುತ್ತದೆ, ಅಷ್ಟು ಮಾಡಲೇಬೇಕು. ಆಮೇಲೆ ಬೇಸಿಗೆಯ ಹೂವು ಮುಗಿದು ಮಳೆ ಶುರುವಾಗುವಾಗ ವರ್ಷಕ್ಕೊಂದು ಸಲ, ಉದ್ದ ಹೋದ ರೆಂಬೆಗಳನ್ನು ಒಂದೊಂದಾಗಿ ಒಳಗಿನಿಂದ ಕತ್ತರಿಸಿದರೆ ಸಾಕು. ಬೇಲಿ ತುಸು ಕೆದರಿಕೊಂಡಂತೆ ಕಾಣಬಹುದು, ಕಾಣಲಿ.

ಈ ಬೇಸಿಗೆಯ ಹೂವು ಕಂಡು ಮನಸ್ಸು ತುಂಬಿತು. ಹೂವಿನ ಕೊಳವೆ ಉದ್ದ, ಸಪೂರ. ಚಿಟ್ಟೆಯ ಸೊಂಡಿಲಿಗೆ ಹೇಳಿಮಾಡಿಸಿದ್ದು. ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬೆಳಗ್ಗೆ ಬಿಸಿಲೇರುವಾಗ ಬಂದು, ಕೂರದೆ ರೆಕ್ಕೆ ಬಡಿಯುತ್ತಲೇ ಗೊಂಚಲಿನಿಂದ ಗೊಂಚಲಿಗೆ ಹೋಗುತ್ತಿತ್ತು. ಹಣ್ಣಿಗೆ ಪಿಕಳಾರಗಳೂ ಮಕ್ಕಳೂ ಪೈಪೋಟಿ. ಅತ್ತೆ ದೇವರಿಗೆ ಕೊಯ್ದು ಉಳಿದ ಹೂವನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ಕಡೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದರು.

ಈ ಮಳೆಗೆ ರಸ್ತೆ ಬದಿಯ ಸಂದುಗಳಿಗೆ ಹೊಸ ಗಿಡ ಇಳಿಸಬೇಕು. ಗೋಡೆಯಿಂದ ಎರಡಡಿ ಈಚೆಗೆ ಹೊಂಡ ತೋಡಿ ಆಗಿದೆ. ಹಟ್ಟಿಯ ಹಿಂದಿನ ಗಡಿಗೂ ತೊಟ್ಟೆಗಳು ಸಿದ್ಧವಾಗುತ್ತಿವೆ.