ಎಂಟನೇ ಕ್ಲಾಸಿನ ಆಲ್ಜೀಬ್ರಾ ಜಿಪಿಎಗೆ ಸೇರುತ್ತಾ?

ಫೆಬ್ರವರಿ ಬಂತೆಂದರೆ ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ಬರಲು ಶುರು. "ಅಕ್ಕ, ಮಗ ಈಗ ಏಳನೇ ಕ್ಲಾಸು. ಮುಂದಿನ ವರ್ಷಕ್ಕೆ ಹೈಸ್ಕೂಲಿನ ಆಲ್ಜೀಬ್ರಾ ತಗೋಬಹುದು ಅಂತ ಫಾರ್ಮ್ ಕಳಿಸಿದ್ದಾರೆ. ಜಿಪಿಎಗೆ ಒಳ್ಳೇದಾ, ಕೆಟ್ಟದ್ದಾ?" ನಾನು ಟೀಚರೂ ಅಲ್ಲ, ಕೌನ್ಸೆಲರೂ ಅಲ್ಲ. ಟೆಕ್ಸಸ್‌ನಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕಿರುವ ಒಂದು ಊರಿನಲ್ಲಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವ ತಾಯಿ, ಅಷ್ಟೇ. ಮಗಳ ವಿಷಯದಲ್ಲಿ ನಾನು ಎಡವಿದ್ದು ಕನ್ನಡ ಸಂಘದಲ್ಲೆಲ್ಲ ಗೊತ್ತಾಯಿತು. ಎಡವಿದವಳಿಗೆ ದಾರಿ ಗೊತ್ತಿರುತ್ತದೆ ಎಂದು ಜನ ಅಂದುಕೊಂಡಿದ್ದಾರೆ. ಪ್ರತಿ ವರ್ಷ ಅದನ್ನೇ ಟೈಪ್ ಮಾಡಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಊರಿನಲ್ಲಿದ್ದುಕೊಂಡು ಇದನ್ನು ಓದುವವರಿಗೆ ಮೊದಲು ಒಂದು ಮಾತು. ಇಲ್ಲಿ ಎಸ್ಸೆಸ್ಸೆಲ್ಸಿಯಂಥ ಒಂದು ದೊಡ್ಡ ಪರೀಕ್ಷೆ ಇಲ್ಲ. ನಾವು ಎಂಟನೇ ಕ್ಲಾಸಿನಲ್ಲಿ ಎಷ್ಟು ತೆಗೆದಿದ್ದೆವೋ ಯಾರಿಗೆ ನೆನಪಿದೆ? 625ಕ್ಕೆ ಎಷ್ಟು ಬಂತು ಅನ್ನುವುದಷ್ಟೇ ಲೆಕ್ಕ. ಇಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ತೆಗೆದ ಪ್ರತಿ ಕೋರ್ಸಿನ ಗ್ರೇಡೂ ಟ್ರಾನ್ಸ್‌ಕ್ರಿಪ್ಟ್ ಎಂಬ ಒಂದು ಕಾಗದದ ಮೇಲೆ ಕೂರುತ್ತದೆ. ಅವುಗಳ ಸರಾಸರಿಯೇ ಜಿಪಿಎ. ತೊಂದರೆ ಶುರುವಾಗುವುದು ಮಿಡಲ್ ಸ್ಕೂಲ್ ಮಕ್ಕಳು ಏಳರಲ್ಲೋ ಎಂಟರಲ್ಲೋ ಆಲ್ಜೀಬ್ರಾ 1, ಜಿಯೋಮೆಟ್ರಿ, ಸ್ಪ್ಯಾನಿಷ್ 1ರಂಥ ಹೈಸ್ಕೂಲ್ ಕೋರ್ಸನ್ನು ಮುಂಚೆಯೇ ಮುಗಿಸಿದಾಗ. ಆ ಗ್ರೇಡು ಆ ಕಾಗದಕ್ಕೆ ಹೋಗುತ್ತದಾ?

ಅದು ನೀವು ಯಾವ ರಾಜ್ಯದಲ್ಲಿ, ಎಷ್ಟೋ ಕಡೆ ಊರಿನ ಸ್ಕೂಲುಗಳನ್ನು ನಡೆಸುವ ಯಾವ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಮನೆ ಮಾಡಿದ್ದೀರಿ ಎಂಬುದರ ಮೇಲಿದೆ. ನಾರ್ತ್ ಕೆರೊಲಿನಾದಲ್ಲಿ ಆ ಕೋರ್ಸು ಹೈಸ್ಕೂಲ್ ಮುಗಿಸಲು ಬೇಕಾದ ಲೆಕ್ಕಕ್ಕೆ ಸೇರುತ್ತದೆ, ಜಿಪಿಎಗೆ ಸೇರುವುದಿಲ್ಲ. ವರ್ಜೀನಿಯಾದಲ್ಲಿ ಗ್ರೇಡು ಚೆನ್ನಾಗಿ ಬರದಿದ್ದರೆ ಅದನ್ನು ಟ್ರಾನ್ಸ್‌ಕ್ರಿಪ್ಟ್‌ನಿಂದ ತೆಗೆಯಿರಿ ಎಂದು ಅಪ್ಪ-ಅಮ್ಮ ಕೇಳಬಹುದು. ಆಗ ಕ್ರೆಡಿಟ್ಟೂ, ಅಂದರೆ ಹೈಸ್ಕೂಲ್ ಮುಗಿಸುವ ಲೆಕ್ಕಕ್ಕೆ ಅದು ಸೇರುವುದೂ, ಹೋಗುತ್ತದೆ ಅನ್ನಿ. ಫ್ಲೋರಿಡಾದಲ್ಲಿ ಹೈಸ್ಕೂಲ್ ಮಕ್ಕಳು ತೀರಾ ಕೆಳಗಿನ ಗ್ರೇಡುಗಳಾದ ಡಿ, ಎಫ್ ಬಂದರೆ ಮಾತ್ರ ಮತ್ತೆ ಓದಿ ಗ್ರೇಡು ಬದಲಿಸಿಕೊಳ್ಳಬಹುದು. ಮಿಡಲ್ ಸ್ಕೂಲಿನಲ್ಲೇ ಹೈಸ್ಕೂಲ್ ಕೋರ್ಸು ತೆಗೆದ ಮಗುವಿಗೆ ಸಿ ಬಂದರೂ ಆ ಅವಕಾಶ ಇದೆ. ಚಿಕ್ಕ ಮಕ್ಕಳು ಅಂತ ಅಷ್ಟು ಕರುಣೆ!

ನಮ್ಮ ಟೆಕ್ಸಸ್‌ನಲ್ಲಿ ಒಂದೇ ನಿಯಮ ಎಂಬುದಿಲ್ಲ. ಒಂದು ಡಿಸ್ಟ್ರಿಕ್ಟ್ ಸೇರಿಸುತ್ತದೆ, ರಸ್ತೆಯ ಆಚೆ ಬದಿಯ ಇನ್ನೊಂದು ಸೇರಿಸುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲ. ಮಗಳು ಎಂಟನೇ ಕ್ಲಾಸಿನಲ್ಲಿ ಸ್ಪ್ಯಾನಿಷ್ 1 ತಗೊಂಡಳು. "ಸುಮ್ನೆ ಕಲೀಲಿ ಬಿಡು, ಮಿಡಲ್ ಸ್ಕೂಲ್ ಅಲ್ವಾ" ಎಂದು ಸಹಿ ಹಾಕಿದ್ದು ನಾನೇ. ಅವಳೂ ಹಾಗೇ ಓದಿದಳು, ವರ್ಷದ ಕೊನೆಗೆ 81 ಬಂತು. ಪಾಸಿಗೆ 70 ಸಾಕು, ನಾವು ಐಸ್‌ಕ್ರೀಂ ತಿಂದು ಬಂದೆವು. ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಸಲ ಟ್ರಾನ್ಸ್‌ಕ್ರಿಪ್ಟ್ ತೆರೆದರೆ ಮೇಲ್ಗಡೆಯೇ ಆ ಸ್ಪ್ಯಾನಿಷ್ ಕೂತಿತ್ತು. ಪಕ್ಕದಲ್ಲಿ 3.1. "ಅಮ್ಮಾ, ಹೈಸ್ಕೂಲ್ ಶುರು ಆಗೋಕ್ ಮುಂಚೇನೇ ನಾನು ಹಿಂದೆ ಬಿದ್ದಿದೀನಿ" ಎಂದಳು. ಏನು ಹೇಳಲಿ?

ಆ 3.1 ಎಲ್ಲಿಂದ ಬಂತು ಎಂದು ಹೇಳಬೇಕು, ಯಾಕೆಂದರೆ ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ನಮ್ಮಲ್ಲಿ ಮಾಮೂಲಿ ಕೋರ್ಸಿನಲ್ಲಿ ನೂರಕ್ಕೆ ನೂರು ಬಂದರೆ 5.0. ಒಂದೊಂದು ಅಂಕ ಕಡಿಮೆಯಾದರೆ 0.1 ಕಡಿಮೆ. ಕಾಲೇಜ್ ಮಟ್ಟದ ಎಪಿ ಕೋರ್ಸಿನಲ್ಲಿ ನೂರು ಬಂದರೆ 6.0. ಈಗ ಒಂದು ಜಾಣ ಮಗು ಎಂದುಕೊಳ್ಳಿ. ಹೈಸ್ಕೂಲಿನಲ್ಲಿ 20 ಕೋರ್ಸು, ಬಹಳಷ್ಟು ಎಪಿ, ಸರಾಸರಿ 5.6. ಅದೇ ಮಗು ಮಿಡಲ್ ಸ್ಕೂಲಿನಲ್ಲಿ ಎರಡು ಮಾಮೂಲಿ ಕೋರ್ಸು ಮಾಡಿ ಎರಡರಲ್ಲೂ 98 ತೆಗೆದಿದೆ. ಎರಡಕ್ಕೂ 4.8. ಸೇರಿಸಿ ನೋಡಿ: 22 ಕೋರ್ಸಿನ ಸರಾಸರಿ 5.53ಕ್ಕೆ ಇಳಿಯಿತು. 98 ಬಂದೂ ಇಳಿಯಿತು! "ಎ ಬಂದರೆ ಏನೂ ಭಯ ಇಲ್ಲ" ಎಂದು ಹೇಳುವವರು ಈ ಲೆಕ್ಕ ಹಾಕಿರುವುದಿಲ್ಲ. ಇನ್ನೊಂದು ಮಗುವಿನ ಹೈಸ್ಕೂಲ್ ಸರಾಸರಿ 4.3 ಎಂದಿಟ್ಟುಕೊಳ್ಳಿ. ಅವೇ ಎರಡು 98ರಿಂದ ಅದು ಸ್ವಲ್ಪ ಮೇಲೇರುತ್ತದೆ. ಕೋರ್ಸೂ ಅದೇ, ಅಂಕವೂ ಅದೇ.

ಒಂದು ದಶಾಂಶಕ್ಕೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳುತ್ತಾರೆ ಎಂದು ನನ್ನ ಅಣ್ಣ ಮೈಸೂರಿನಿಂದ ಕೇಳುತ್ತಿರುತ್ತಾನೆ. ಕಾರಣ 1997ರ ಒಂದು ಕಾನೂನು. ಟೆಕ್ಸಸ್‌ನ ಹೈಸ್ಕೂಲುಗಳಲ್ಲಿ ಜಿಪಿಎ ಲೆಕ್ಕದ ರ‍್ಯಾಂಕಿನಲ್ಲಿ ಮೊದಲ ಶೇಕಡಾ 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ತಾನಾಗಿಯೇ ಸೀಟು. ಆಸ್ಟಿನ್‌ನ ಯೂನಿವರ್ಸಿಟಿಗೆ ಮಾತ್ರ 2009ರಲ್ಲಿ ವಿನಾಯಿತಿ ಕೊಟ್ಟರು. ಅದರ ಗೆರೆ ಶೇಕಡಾ 6ಕ್ಕೆ ಬಂದು, 2026ರ ಪ್ರವೇಶಕ್ಕೆ ಶೇಕಡಾ 5 ಆಗಿದೆ. ಇನ್ನು ನಮ್ಮ ಬಡಾವಣೆಗಳ ಸ್ಕೂಲುಗಳಲ್ಲಿ ಓದುವ ಹುಳುಗಳೇ ಜಾಸ್ತಿ. ಅಲ್ಲಿ 0.07 ಅಂದರೆ ಎಷ್ಟು ಜನ ಮುಂದೆ ಹೋಗುತ್ತಾರೋ ನೀವೇ ಊಹಿಸಿ.

ಕ್ಯಾಲಿಫೋರ್ನಿಯಾದಲ್ಲಿರುವ ಗೆಳತಿಯರಿಗೆ ಈ ಗೋಳು ಅರ್ಥವೇ ಆಗುವುದಿಲ್ಲ. ಅಲ್ಲಿನ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳು ಸ್ಕೂಲ್ ಕೊಟ್ಟ ಜಿಪಿಎ ಬಿಟ್ಟು ತಮ್ಮದೇ ಲೆಕ್ಕ ಹಾಕುತ್ತವೆ. ಒಂಬತ್ತನೇ ಕ್ಲಾಸ್ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಗ್ರೇಡಷ್ಟೇ ಅದಕ್ಕೆ. ಏಳು-ಎಂಟರ ಗಣಿತ, ಭಾಷೆ ಸಿ ಅಥವಾ ಮೇಲೆ ಬಂದಿದ್ದರೆ "ಈ ವಿಷಯ ಓದಿದ್ದಾರೆ" ಎಂದು ಒಪ್ಪಿಕೊಳ್ಳುತ್ತಾರೆ, ಸರಾಸರಿಗೆ ಸೇರಿಸುವುದಿಲ್ಲ. ಆದರೆ ಕೆಲಸ ಬದಲಿಸಿ ಆಸ್ಟಿನ್‌ಗೋ ಡಲ್ಲಾಸ್‌ಗೋ ಬಂದಿರೋ, ಹಳೇ ಗ್ರೇಡು ಜೊತೆಗೇ ಬರುತ್ತದೆ. ಅದನ್ನು ಹೇಗೆ ಲೆಕ್ಕ ಹಾಕುವುದೆಂದು ಹೊಸ ಸ್ಕೂಲು ತೀರ್ಮಾನಿಸುತ್ತದೆ. ಮನೆ ಹುಡುಕುವಾಗ ಗಾರ್ಡನ್ ಎಷ್ಟು ದೊಡ್ಡದು ಎಂದು ಕೇಳುವವರು ಇದನ್ನೂ ಕೇಳಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಕೇಳುತ್ತಾರೆ: "ಹಾಗಾದ್ರೆ ಬೇಡ ಅಂತೀರಾ ಅಕ್ಕ?" ಗಣಿತಕ್ಕೆ ಬೇಡ ಎಂದು ನಾನು ಹೇಳುವುದಿಲ್ಲ. ಅದು ಸರಪಳಿ ಇದ್ದ ಹಾಗೆ. ಎಂಟರಲ್ಲಿ ಆಲ್ಜೀಬ್ರಾ 1, ಒಂಬತ್ತರಲ್ಲಿ ಜಿಯೋಮೆಟ್ರಿ, ಹತ್ತರಲ್ಲಿ ಆಲ್ಜೀಬ್ರಾ 2, ಹನ್ನೊಂದರಲ್ಲಿ ಪ್ರೀಕ್ಯಾಲ್ಕುಲಸ್, ಹನ್ನೆರಡರಲ್ಲಿ ಕ್ಯಾಲ್ಕುಲಸ್. ಒಂಬತ್ತರಲ್ಲಿ ಶುರು ಮಾಡಿದರೆ ಒಂದೇ ವರ್ಷ ಎರಡು ಗಣಿತ ತೆಗೆಯಬೇಕು, ಇಲ್ಲವೇ ಬೇಸಿಗೆ ರಜೆ ಬಿಡಬೇಕು. ಇಂಜಿನಿಯರಿಂಗ್ ಕನಸು ಕಾಣುವ ಮನೆಗಳಲ್ಲಿ (ನಮ್ಮವರ ಎಷ್ಟು ಮನೆಗಳಲ್ಲಿ ಇಲ್ಲ?) ಕ್ಯಾಲ್ಕುಲಸ್ ಮುಟ್ಟುವುದು ಒಂದು ದಶಾಂಶಕ್ಕಿಂತ ದೊಡ್ಡದು. ಟೆಕ್ಸಸ್ ಸರ್ಕಾರಕ್ಕೂ ಹಾಗೇ ಅನ್ನಿಸಿದೆ. ಐದನೇ ಕ್ಲಾಸಿನ ರಾಜ್ಯ ಪರೀಕ್ಷೆಯಲ್ಲಿ ಮೊದಲ ಶೇಕಡಾ 40ರೊಳಗೆ ಬಂದ ಮಕ್ಕಳನ್ನು ಆರರಲ್ಲಿ ಮುಂದಿನ ಮಟ್ಟದ ಗಣಿತಕ್ಕೆ ತಾನಾಗಿಯೇ ಸೇರಿಸಬೇಕೆಂದು 2023ರಲ್ಲಿ ಕಾನೂನು ಮಾಡಿದ್ದಾರೆ. ಬೇಡ ಅನ್ನುವವರು ಬಾಯಿಬಿಟ್ಟು ಹೇಳಬೇಕು.

ಆದರೆ ಏಳರಲ್ಲೇ ಆಲ್ಜೀಬ್ರಾ ಎಂದು ಹಟ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಭಿನ್ನರಾಶಿ ಕೂಡಿಸುವಾಗ ಇನ್ನೂ ತಡವರಿಸುವ ಮಗುವನ್ನು ಎರಡು ಟ್ಯೂಷನ್ ಇಟ್ಟು ತಳ್ಳುತ್ತಾರೆ. ಪಕ್ಕದ ಮನೆಯ ಮಗು ಹೋಯಿತಲ್ಲ, ಅದಕ್ಕೆ. ಬರುವ ಗ್ರೇಡು ನಾಲ್ಕು ವರ್ಷ ಕಾಗದದ ಮೇಲಿರುತ್ತದೆ.

ಭಾಷೆಗೆ ಅಂಥ ಅವಸರ ಏನೂ ಇಲ್ಲ. ಎರಡು ವರ್ಷದ ಭಾಷೆಯನ್ನು ಹೈಸ್ಕೂಲಿನಲ್ಲೇ ಆರಾಮಾಗಿ ಮುಗಿಸಬಹುದು. ಅಂದ ಹಾಗೆ, ಕೆಲವು ಡಿಸ್ಟ್ರಿಕ್ಟ್‌ಗಳು ವಾರಾಂತ್ಯದ ಕನ್ನಡ ಶಾಲೆಯ ಕಲಿಕೆಗೂ ಭಾಷೆಯ ಕ್ರೆಡಿಟ್ ಕೊಡುತ್ತವೆ. ಎಲ್ಲರೂ ಓಡಿಹೋಗಿ ಸ್ಪ್ಯಾನಿಷ್‌ಗೆ ಹೆಸರು ಕೊಡುವ ಮುಂಚೆ ಅದನ್ನು ವಿಚಾರಿಸಿ.

ಕೌನ್ಸೆಲರ್ ಹತ್ತಿರ ಹೋದಾಗ "ಈ ಕೋರ್ಸ್ ಕೌಂಟ್ ಆಗುತ್ತಾ" ಎಂದಷ್ಟೇ ಕೇಳಿ ಬರಬೇಡಿ. ನಾನು ಅಷ್ಟೇ ಕೇಳಿದ್ದೆ. "ಯೆಸ್" ಎಂದರು, ಖುಷಿಯಾಗಿ ಬಂದೆ. ಅವರು ಹೇಳಿದ್ದು ಕ್ರೆಡಿಟ್ ಬಗ್ಗೆ. ಜಿಪಿಎಗೆ ಸೇರುತ್ತಾ, ರ‍್ಯಾಂಕಿಗೆ ಸೇರುತ್ತಾ, ಲೆಕ್ಕ 5ರದ್ದಾ 6ರದ್ದಾ, ಮಧ್ಯದಲ್ಲಿ ಬಿಡಬೇಕೆಂದರೆ ಕೊನೇ ದಿನ ಯಾವುದು, ಇವೆಲ್ಲ ಬೇರೆ ಬೇರೆ ಪ್ರಶ್ನೆ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ನಿಯಮ ಬದಲಾಗುತ್ತಿರುತ್ತದೆ, ಅದಕ್ಕೆ ನಿಮ್ಮ ಮಗುವಿನ ಬ್ಯಾಚಿಗೆ ಯಾವುದು ಅಂತಲೂ ಕೇಳಿ. ದೊಡ್ಡ ಮಗನಿಗೆ ಹೀಗಿತ್ತು ಎಂದು ಪಕ್ಕದ ಮನೆಯವರು ಹೇಳಿದ್ದು ನಿಮಗೆ ಬರಬೇಕೆಂದಿಲ್ಲ.

ಮಗಳು ಈಗ ಹನ್ನೊಂದನೇ ಕ್ಲಾಸು. ಸ್ಪ್ಯಾನಿಷ್ ಅವಳ ಸರಾಸರಿಯಲ್ಲಿ ಎಲ್ಲೋ ಕರಗಿಹೋಗಿದೆ, ಪೂರ್ತಿ ಹೋಗಿಲ್ಲ. ಮೊದಲ ಶೇಕಡಾ 10ರೊಳಗೆ ಇದ್ದಾಳೆ, 5ರೊಳಗೆ ಇಲ್ಲ. ಅದಕ್ಕೆ ಆ 81ನ್ನೇ ಬೈಯುವುದೂ ಸುಳ್ಳಾಗುತ್ತದೆ, ಕೆಮಿಸ್ಟ್ರಿಯೂ ಇದೆ. ಮಗ ಏಳರಲ್ಲಿದ್ದಾನೆ. ಮುಂದಿನ ವರ್ಷಕ್ಕೆ ಆಲ್ಜೀಬ್ರಾ ಬರೆದೆವು. ಸ್ಪ್ಯಾನಿಷ್ ಜಾಗದಲ್ಲಿ ಅವನೇ ಬ್ಯಾಂಡ್ ಎಂದು ಬರೆದ. ಟ್ರಂಬೋನ್ ಊದುತ್ತಾನಂತೆ. ಅದು ಜಿಪಿಎಗೆ ಸೇರುವುದಿಲ್ಲ ಎಂದು ಈ ಸಲ ಇಮೇಲ್ ತರಿಸಿಕೊಂಡಿದ್ದೇನೆ.