ಒಬ್ಬಳಿಗೆ ಮೂರು ಸ್ಕ್ರೀನ್ ಯಾಕೆ ಅಂತ ಕೇಳುವವರಿಗೆಲ್ಲ, ಒಂದೇ ಸಲ

"ಅಲ್ಲಾ, ಒಬ್ಬಳಿಗೆ ಮೂರು ಸ್ಕ್ರೀನ್ ಯಾಕೆ?"

ಇದು ಪ್ರಶ್ನೆ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಕೇಳಿದ್ದಾನೆ. ಅಗ್ರಿಮೆಂಟ್ ರಿನ್ಯೂ ಮಾಡಿಸೋಕೆ ಬಂದ ಮನೆ ಓನರ್ ಕೇಳಿದ್ದಾರೆ. ಮಗನ ಫ್ರೆಂಡ್ಸ್ ಕೇಳಿದ್ದಾರೆ (ಅವರದು ಬರೀ ಹೊಟ್ಟೆಕಿಚ್ಚು, ಗೇಮ್ ಆಡಬಹುದಿತ್ತಲ್ಲ ಅಂತ. ಅದು ನನಗೆ ಅರ್ಥವಾಗುತ್ತೆ). ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸೋದು ಅಂತ ತೀರ್ಮಾನ ಮಾಡಿದ್ದೇನೆ. ಓದಿ ಬೇಜಾರಾದರೆ ಆಗಲಿ.

ಮೊದಲು ಲೆಕ್ಕ ಸರಿಮಾಡೋಣ, ನಾನು ಅಕೌಂಟ್ಸ್‌ನವಳು. ಮೂರರಲ್ಲಿ ಒಂದು ಲ್ಯಾಪ್‌ಟಾಪಿನದೇ ಸ್ಕ್ರೀನು. ಅದು ಹೇಗೂ ಇತ್ತು. ಕೊಂಡಿದ್ದು ಎರಡು ಮಾನಿಟರ್, ಎರಡೂ ಸೆಕೆಂಡ್ ಹ್ಯಾಂಡ್, ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನವು. ಎರಡರದ್ದೂ ಸೇರಿಸಿದರೂ, ಈ ಪ್ರಶ್ನೆ ಕೇಳುವವರ ಕೈಲಿರುವ ಮೊಬೈಲಿನ ಅರ್ಧ ರೇಟಿಲ್ಲ. ಆ ಮೊಬೈಲು ನಿಮಗ್ಯಾಕೆ ಅಂತ ನಾನು ಯಾವತ್ತಾದರೂ ಕೇಳಿದ್ದೀನಾ?

ಪ್ರಶ್ನೆಗಿಂತ ಅದರ ಬಾಲ ನನಗೆ ತಡಕೊಳ್ಳಕ್ಕಾಗಲ್ಲ. "ಶೇರ್ ಮಾರ್ಕೆಟ್ ಮಾಡ್ತೀರಾ?" ಇಲ್ಲ. "ಯಜಮಾನ್ರಿಗೆ ವರ್ಕ್ ಫ್ರಮ್ ಹೋಮಾ?" ಯಜಮಾನರು ದಿನಾ ಬೆಳಗ್ಗೆ ಮೆಟ್ರೋ ಹತ್ತಿ ಆಫೀಸಿಗೆ ಹೋಗ್ತಾರೆ, ಅವರಿಗೂ ಈ ಟೇಬಲ್ಲಿಗೂ ಸಂಬಂಧ ಇಲ್ಲ. ನಮ್ಮ ಭಾವನವರು ಬಂದಾಗಲೆಲ್ಲ "ಏನಮ್ಮಾ, ಪೀಣ್ಯದ ಇಸ್ಟ್ರಾಕ್ ಬ್ರಾಂಚು ಇಲ್ಲೇ ಓಪನ್ ಆಗಿದೆಯಾ?" ಅಂತ ತಮಾಷೆ ಮಾಡ್ತಾರೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯೋದನ್ನ ಪೀಣ್ಯದಲ್ಲಿರೋ ಇಸ್ರೋದ ಆ ಕಂಟ್ರೋಲ್ ರೂಮಿಂದ ಟಿವಿಯಲ್ಲಿ ತೋರಿಸಿದ್ದರಲ್ಲ, ಅವತ್ತಿಂದ ಶುರುವಾದ ಜೋಕ್ ಇದು, ಇನ್ನೂ ಮುಗಿದಿಲ್ಲ. ಅಲ್ಲೂ ಒಬ್ಬೊಬ್ಬರ ಮುಂದೆ ಒಂದಕ್ಕಿಂತ ಹೆಚ್ಚು ಸ್ಕ್ರೀನ್ ಇತ್ತು ಭಾವ, ಅವರನ್ನ ಯಾರೂ ಕೇಳಲಿಲ್ಲ.

ಆದರೆ ನನ್ನ ತಲೆಯಲ್ಲಿ ಉಳಿದಿರೋದು ಹೋದ ವರಮಹಾಲಕ್ಷ್ಮಿ ಹಬ್ಬ. ನಮ್ಮದು ಬಸವೇಶ್ವರನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಒಂದು ರೂಮು ನಮ್ಮದು, ಇನ್ನೊಂದರಲ್ಲಿ ಅತ್ತೆ ಮತ್ತು ಮಗ. ಹಾಗಾಗಿ ನನ್ನ ಟೇಬಲ್ಲು ಹಾಲಿನ ಮೂಲೆಯಲ್ಲಿ, ಕಿಟಕಿ ಪಕ್ಕ. ಹಬ್ಬಕ್ಕೆ ಕಳಸ ಕೂರಿಸೋದೂ ಅದೇ ಹಾಲಿನಲ್ಲಿ. ಬೆಳಗ್ಗೆನೇ ಅತ್ತೆ ಒಂದು ಹಳೇ ಮೈಸೂರು ಸಿಲ್ಕ್ ತಂದು ಮಾನಿಟರುಗಳ ಮೇಲೆ ಹೊದಿಸಿಬಿಟ್ಟರು. "ಲಕ್ಷ್ಮಿ ಎದುರಿಗೆ ಇದೆಲ್ಲ ಕಪ್ಪಗೆ ಕಾಣೋದು ಬೇಡ." ಸರಿ ಅಂದೆ. ಉದ್ದಕ್ಕೆ ನಿಲ್ಲಿಸಿರುವ ಮಾನಿಟರಿಗೆ ಸೀರೆ ಹೊದಿಸಿದರೆ ಅದು ಇನ್ನೂ ಎದ್ದು ಕಾಣುತ್ತೆ ಅನ್ನೋದು ಬೇರೆ ವಿಷಯ. ಸಂಜೆ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಒಮ್ಮೆ ಲಕ್ಷ್ಮಿ ನೋಡೋರು, ಒಮ್ಮೆ ಅದನ್ನ ನೋಡೋರು. ಕೊನೆಗೆ ನಮ್ಮೆಜಮಾನರ ಚಿಕ್ಕಮ್ಮ, ತುಮಕೂರಿನವರು, ಸೀರೆ ಎತ್ತಿಯೇ ನೋಡಿದರು.

"ಇದೇನೇ ಇದು, ಮನೇಲಿ ಇಷ್ಟು ಟಿವಿ?"

"ಟಿವಿ ಅಲ್ಲ ಚಿಕ್ಕಮ್ಮ, ಕಂಪ್ಯೂಟರು. ಓದೋಕೆ."

"ಮಗೂಗಾ?"

"ನನಗೆ."

ಚಿಕ್ಕಮ್ಮ ಒಂದು ಸಲ ನನ್ನ ನೋಡಿದರು, ಒಂದು ಸಲ ಅತ್ತೆಯನ್ನ ನೋಡಿದರು, ಆಮೇಲೆ ಬಹಳ ಯೋಚನೆ ಮಾಡಿ ಕೇಳಿದರು: "ಕರೆಂಟ್ ಬಿಲ್ ಎಷ್ಟು ಬರತ್ತೆ?"

ಅಷ್ಟೇ ಸಾಕಾಯಿತು. ಕೋಸಂಬರಿ ತಟ್ಟೆ ಕೈಲಿ ಹಿಡಿದು ಇಡೀ ಹಾಲು ಗೃಹಜ್ಯೋತಿ ಚರ್ಚೆಗೆ ಇಳಿಯಿತು. ಯಾರ ಮನೆಗೆ ಸೊನ್ನೆ ಬಿಲ್, ಯಾರಿಗೆ ಎಷ್ಟು ಯೂನಿಟ್ ಸರಾಸರಿ ಕಟ್ಟಿದ್ದಾರೆ, ಯಾರ ಬಾಡಿಗೆದಾರರ ಆಧಾರ್ ಲಿಂಕ್ ಆಗಿಲ್ಲ. ಎದುರು ಮನೆ ಆಂಟಿ ತೀರ್ಪು ಕೊಟ್ಟೇಬಿಟ್ಟರು: "ಇದರಿಂದಲೇ ನಿಮ್ಮ ಲಿಮಿಟ್ ದಾಟತ್ತೆ ನೋಡಿ."

ಆಂಟಿ, ದಾಟಲ್ಲ. ಅವತ್ತು ಹಬ್ಬ ಅಂತ ಸುಮ್ಮನಿದ್ದೆ, ಈಗ ಹೇಳ್ತೀನಿ ಕೇಳಿ. 24 ಇಂಚಿನ ಎಲ್‌ಇಡಿ ಮಾನಿಟರ್ ಎಳೆಯೋದು ಸುಮಾರು 20 ವ್ಯಾಟ್. ಎರಡಕ್ಕೆ 40. ದಿನಕ್ಕೆ ಮೂರು ಗಂಟೆ ಉರಿಸಿದರೆ 0.12 ಯೂನಿಟ್, ತಿಂಗಳಿಗೆ ನಾಲ್ಕು ಯೂನಿಟ್ಟೂ ಆಗಲ್ಲ. 2,000 ವ್ಯಾಟಿನ ಗೀಸರ್ ಕಾಲು ಗಂಟೆ ಓಡಿದರೆ ಅರ್ಧ ಯೂನಿಟ್, ತಿಂಗಳಿಗೆ ಹದಿನೈದು. ನಿಮ್ಮ ಮನೆಯಲ್ಲಿ ಗೀಸರ್ ಆಫ್ ಮಾಡೋದು ಯಾರೂ ನೆನಪಿಟ್ಟುಕೊಳ್ಳಲ್ಲ ಅನ್ನೋದು ಇಡೀ ಬಿಲ್ಡಿಂಗಿಗೆ ಗೊತ್ತು.

ಕಣ್ಣು ಹಾಳಾಗತ್ತೆ ಅನ್ನುವವರಿಗೆ: ಸ್ಕ್ರೀನು ಎಷ್ಟಿವೆ ಅನ್ನೋದು ಕಣ್ಣಿಗೆ ಲೆಕ್ಕ ಇಲ್ಲ, ಒಂದು ಹೊತ್ತಿಗೆ ನೋಡೋದು ಒಂದನ್ನೇ. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸೋದು ಕಡಿಮೆಯಾಗಿ ಕಣ್ಣು ಒಣಗುತ್ತೆ, ಅದು ಮೊಬೈಲಿಗೂ ಅನ್ವಯ. ಒಂದು ತೋಳಿನಷ್ಟು ದೂರ, ಮೇಲಿನ ಅಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ನೋಡೋದು. ಮುಗೀತು.

ಈಗ ಉತ್ತರ. ನಾನು ಓದುತ್ತಿರೋದು ಆನ್‌ಲೈನ್ ಪಾಠದ ಸೈಟ್ ಎನ್‌ಪಿಟಿಇಎಲ್‌ನಲ್ಲಿ ಡೇಟಾಬೇಸ್ ಕೋರ್ಸು, ಹನ್ನೆರಡು ವಾರದ್ದು. ಐಐಟಿ ಮೇಷ್ಟ್ರುಗಳ ಪಾಠ, ಸೇರೋದು ಪುಕ್ಕಟೆ, ಸರ್ಟಿಫಿಕೇಟ್ ಬೇಕಂದರೆ ಮಾತ್ರ ಪರೀಕ್ಷೆಗೆ ದುಡ್ಡು. ವಾರ ವಾರ ಅಸೈನ್‌ಮೆಂಟು. ಅದರಲ್ಲಿ ಚೆನ್ನಾಗಿ ಬಂದ ಎಂಟನ್ನ ಹಿಡಿದು 25 ಪರ್ಸೆಂಟ್, ಸೆಂಟರಿಗೆ ಹೋಗಿ ಬರೆಯುವ ಪರೀಕ್ಷೆಗೆ 75. ಮೊದಲ ಎರಡು ವಾರ ಲ್ಯಾಪ್‌ಟಾಪ್ ಒಂದರಲ್ಲೇ ನೋಡಿದೆ. ಮೇಷ್ಟ್ರು ಒಂದು ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಬರೀತಾರೆ, ನಾನು ವಿಡಿಯೋ ನಿಲ್ಲಿಸಿ, ವಿಂಡೋ ಬದಲಿಸಿ, ಟೈಪ್ ಮಾಡೋಕೆ ಹೋಗ್ತೀನಿ, ಅಷ್ಟರಲ್ಲಿ ಕಾಮಾ ಎಲ್ಲಿತ್ತು ಅನ್ನೋದು ಹಾರಿಹೋಗಿರುತ್ತೆ. ಮತ್ತೆ ವಾಪಸ್. ಅರ್ಧರ್ಧ ಮಾಡಿ ಇಟ್ಟರೆ ಹದಿನಾಲ್ಕು ಇಂಚಿನಲ್ಲಿ ಅವರ ಅಕ್ಷರ ಇರುವೆ ಸಾಲು.

"ಮಲ್ಟಿಟಾಸ್ಕಿಂಗ್ ಒಳ್ಳೇದಲ್ಲ" ಅಂತ ಭಾಷಣ ಬಿಗಿಯುವವರು ಇಲ್ಲಿ ಸ್ವಲ್ಪ ನಿಲ್ಲಿ. ಇದು ಮಲ್ಟಿಟಾಸ್ಕಿಂಗ್ ಅಲ್ಲ. ಒಂದೇ ಕೆಲಸ, ಅದರ ಮೂರು ಭಾಗಗಳು ಒಟ್ಟಿಗೆ ಕಣ್ಣಿಗೆ ಬೀಳಬೇಕು, ಅಷ್ಟೇ. ಮಧ್ಯದಲ್ಲಿ ಪಾಠ, ಬಲಕ್ಕೆ ಉದ್ದಕ್ಕೆ ತಿರುಗಿಸಿಟ್ಟ ಮಾನಿಟರಿನಲ್ಲಿ ನೋಟ್ಸಿನ ಪಿಡಿಎಫ್ ಒಂದು ಇಡೀ ಪುಟ, ಎಡಗಡೆ ಲ್ಯಾಪ್‌ಟಾಪಿನಲ್ಲಿ ನಾನು ಟೈಪ್ ಮಾಡೋದು. ಪಾಲ್ ಚಾಂಡ್ಲರ್, ಜಾನ್ ಸ್ವೆಲ್ಲರ್ ಅಂತ ಇಬ್ಬರು ಶಿಕ್ಷಣ ಸಂಶೋಧಕರು 1992ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ: ಕೂಡಿಸಿ ನೋಡಬೇಕಾದ ಎರಡನ್ನು ಬೇರೆ ಬೇರೆ ಕಡೆ ಇಟ್ಟರೆ, ಅವನ್ನ ತಲೆಯಲ್ಲೇ ಜೋಡಿಸುವುದಕ್ಕೆ ಶಕ್ತಿ ಖರ್ಚಾಗಿ ಕಲಿಯೋಕೆ ಕಡಿಮೆ ಉಳಿಯುತ್ತೆ. ಅದಕ್ಕೇ ನನ್ನ ಮಾನಿಟರುಗಳ ಅಂಚು ಒಂದಕ್ಕೊಂದು ತಾಗಿಕೊಂಡಿರೋದು, ಶೋಕಿಗಲ್ಲ. ವಾಟ್ಸಾಪ್ ಮೂರರಲ್ಲಿ ಯಾವುದರಲ್ಲೂ ಇಲ್ಲ. ಅದಿದ್ದರೆ ಹತ್ತು ಮಾನಿಟರ್ ಇದ್ದರೂ ದಂಡ.

ಆಮೇಲೆ ಒಂದು ಮಾತು. "ಯಾಕೆ ಮೂರು" ಅಂತ ಎಲ್ಲರೂ ಕೇಳಿದಿರಿ. "ಯಾವಾಗ ಓದ್ತೀಯ?" ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಮೊದಲ ಪ್ರಶ್ನೆಗೂ ಉತ್ತರ ಸಿಕ್ಕಿರೋದು.

ಸಿಕ್ಕಾಗ ಓದ್ತೀನಿ. ಬೆಳಗ್ಗೆ ಕುಕ್ಕರ್ ಇಟ್ಟು ಮೂರು ವಿಷಲ್ ಆಗೋವರೆಗೆ. ರಾತ್ರಿ ಪಾತ್ರೆ ತೊಳೆದ ಮೇಲೆ. ಶನಿವಾರ ಮಗ ಕರಾಟೆಗೆ ಹೋದಾಗ. ಎರಡು ಪಟ್ಟಿ ಜೋಡಿಸೋ ಜಾಯಿನ್ ಅಂದರೆ ಏನು ಅಂತ ಮೇಷ್ಟ್ರು ಹೇಳ್ತಿರುವಾಗಲೇ ಬೆಲ್ ಆಗುತ್ತೆ, ಇಸ್ತ್ರಿಯವನು. ಚಿಲ್ಲರೆ ಹುಡುಕಿ ಕೊಟ್ಟು ಬರುವಷ್ಟರಲ್ಲಿ ಅತ್ತೆ ಬಿಪಿ ಮಾತ್ರೆ ಎಲ್ಲಿ ಅಂತಾರೆ. ಒಂದೇ ಸ್ಕ್ರೀನ್ ಇದ್ದಾಗ ವಾಪಸ್ ಬಂದು ಕೂತರೆ ಯಾವ ವಿಂಡೋ ಯಾವುದರ ಹಿಂದಿದೆ, ಏನು ನೋಡ್ತಿದ್ದೆ, ಎಲ್ಲ ಮೊದಲಿಂದ. ಆ ಐದು ನಿಮಿಷವೇ ನನ್ನ ಹತ್ತಿರ ಇರಲಿಲ್ಲ. ಈಗ ಎದ್ದು ಹೋದಾಗ ಹೇಗೆ ಹರಡಿತ್ತೋ ಹಾಗೇ ಹರಡಿರುತ್ತೆ. ವಿಡಿಯೋ ನಿಂತ ಜಾಗದಲ್ಲಿ, ಪಿಡಿಎಫ್ ಅದೇ ಪುಟದಲ್ಲಿ, ನಾನು ಬರೀತಿದ್ದ ಸಾಲು ಅರ್ಧದಲ್ಲಿ, ಕರ್ಸರ್ ಮಿಣುಕುತ್ತಾ. ರೂಮಿನ ಬಾಗಿಲು ಹಾಕಿಕೊಂಡು ಮೂರು ಗಂಟೆ ಒಂದೇ ಸಮ ಓದುವವರಿಗೆ ಒಂದು ಸ್ಕ್ರೀನ್ ಸಾಕು. ಅವರಿಗೆ ಇದು ಶೋಕಿ ಅನ್ನಿಸಿದರೆ ತಪ್ಪಿಲ್ಲ.

ಓದಿ ಏನಾಗಬೇಕು ಅಂದವರಿಗೂ ಹೇಳಿಬಿಡ್ತೀನಿ. ನಮ್ಮ ಆಫೀಸಲ್ಲಿ ಪ್ರತಿ ತಿಂಗಳು 14ಕ್ಕೆ ಪೋರ್ಟಲಲ್ಲಿ ಜಿಎಸ್‌ಟಿಆರ್-2ಬಿ, ಅಂದರೆ ಸಪ್ಲೈಯರುಗಳು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತೆ, 20ರೊಳಗೆ 3ಬಿ ಅನ್ನೋ ತಿಂಗಳ ರಿಟರ್ನ್ ಫೈಲ್ ಮಾಡಬೇಕು. ಮಧ್ಯದ ಆ ದಿನಗಳಲ್ಲಿ ನಮ್ಮ ಪರ್ಚೇಸ್ ರಿಜಿಸ್ಟರಲ್ಲಿರುವ ಬಿಲ್ಲುಗಳೆಲ್ಲ 2ಬಿಯಲ್ಲಿ ಬಂದಿದೆಯಾ ಅಂತ ಒಂದೊಂದಾಗಿ ತಾಳೆ ನೋಡೋದು ನನ್ನ ಕೆಲಸ. ಬರದಿದ್ದರೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಟ್ಯಾಕ್ಸಿನ ವಜಾ) ಸಿಗಲ್ಲ, ಸಪ್ಲೈಯರಿಗೆ ಫೋನ್ ಮಾಡಬೇಕು. ಇಷ್ಟು ವರ್ಷ ಎಕ್ಸೆಲ್ಲಲ್ಲಿ ವಿ-ಲುಕಪ್ ಅನ್ನೋ ಹುಡುಕೋ ಫಾರ್ಮುಲಾ ಹಾಕಿ ಹಾಕಿ ಬೆರಳು ಸವೆದಿದೆ. ಕೋರ್ಸಿನಲ್ಲಿ ಲೆಫ್ಟ್ ಜಾಯಿನ್ ಬಂದ ದಿನ ನಾನು ವಿಡಿಯೋ ನಿಲ್ಲಿಸಿ, ಪಿಡಿಎಫ್ ಪಕ್ಕಕ್ಕೆ ತಳ್ಳಿ, ಹಳೇ ತಿಂಗಳಿನ ಎರಡು ಫೈಲೂ ತೆಗೆದೆ. ಎಡಗಡೆ ಪಟ್ಟಿ ನಮ್ಮ ರಿಜಿಸ್ಟರ್, ಬಲಗಡೆ 2ಬಿ, ಜೋಡಿಸೋಕೆ ಜಿಎಸ್‌ಟಿ ನಂಬರ್ ಮತ್ತು ಬಿಲ್ ನಂಬರ್. ಲೆಫ್ಟ್ ಜಾಯಿನಿನಲ್ಲಿ ಎಡಗಡೆಯ ಸಾಲು ಒಂದೂ ಬಿಟ್ಟುಹೋಗಲ್ಲ. ಬಲಗಡೆ ಜೋಡಿ ಸಿಗದ ಕಡೆ ನಲ್, ಅಂದರೆ ಖಾಲಿ, ಅಂತ ತೋರಿಸುತ್ತೆ. ಆ ನಲ್ ಇರೋವಷ್ಟೂ ನಾನು ಫೋನ್ ಮಾಡಬೇಕಾದ ಸಪ್ಲೈಯರುಗಳು! ಅದರಲ್ಲೂ ಕೆಲವು ನಿಜವಾದ ನಲ್ ಅಲ್ಲ, ನಾವು "045" ಅಂತ ಹೊಡೆದಿದ್ದೀವಿ, ಅವರು "45" ಅಂತ. ಅದನ್ನ ಹಿಡಿಯೋಕೆ ಮತ್ತೊಂದು ಸಾಲು ಬರೆಯೋದು ಕಲಿತೆ. ರಾತ್ರಿ ಹನ್ನೊಂದೂವರೆಗೆ ನಮ್ಮೆಜಮಾನರನ್ನ ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ" ಅಂದು ಮಗ್ಗಲು ಬದಲಿಸಿದರು.

ಭಾವನವರು ಒಂದೇ ಒಂದು ಸಲ ಒಳ್ಳೇ ಪ್ರಶ್ನೆ ಕೇಳಿದ್ದರು: "ಪರೀಕ್ಷೆಲಿ ಒಂದೇ ಸ್ಕ್ರೀನ್ ಅಲ್ವೇನಮ್ಮಾ, ಆಗೇನ್ ಮಾಡ್ತಿ?" ಹೌದು. ಸೆಂಟರಿನಲ್ಲಿ ಒಂದೇ. ಮನೆಯಿಂದಲೇ ಬರೆಯುವ ಕೆಲವು ಪರೀಕ್ಷೆಗಳಲ್ಲಂತೂ ಎರಡನೇ ಮಾನಿಟರಿನ ವೈರ್ ಕಿತ್ತು ಕ್ಯಾಮೆರಾಕ್ಕೆ ತೋರಿಸಬೇಕು. ಅದಕ್ಕೇ ಕೊನೇ ವಾರ ಎರಡನ್ನೂ ಆಫ್ ಮಾಡಿ ಲ್ಯಾಪ್‌ಟಾಪಿನಲ್ಲೇ ಹಳೇ ಅಸೈನ್‌ಮೆಂಟ್ ಬಿಡಿಸ್ತೀನಿ. ಕಲಿಯೋದು ಬೇರೆ, ಕಲಿತಿದ್ದನ್ನ ಒಪ್ಪಿಸೋದು ಬೇರೆ.

ಇಷ್ಟೆಲ್ಲ ಬೈಸಿಕೊಂಡೂ "ನಮಗೂ ಒಂದು ತಗೋಬೇಕು, ಹೇಗೆ?" ಅನ್ನುವವರಿದ್ದಾರೆ. ಟೌನ್ ಹಾಲ್ ಹತ್ತಿರ ಇಳಿದು ಎಸ್.ಪಿ. ರೋಡಿಗೆ ನಡೆದುಕೊಂಡು ಹೋಗಿ, ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸೋಕೆ ಜಾಗ ಇಲ್ಲ. ಕಂಪನಿಗಳು ತೆಗೆದುಹಾಕಿದ ಮಾನಿಟರ್ ರಾಶಿ ಇರುತ್ತೆ. ಅಲ್ಲೇ ಆನ್ ಮಾಡಿಸಿ, ಇಡೀ ಸ್ಕ್ರೀನ್ ಬರೀ ಬಿಳಿ, ಬರೀ ಕಪ್ಪು, ಬರೀ ಕೆಂಪು ಮಾಡಿ ನೋಡಿ, ಸತ್ತ ಚುಕ್ಕಿ ಇದ್ದರೆ ಕಾಣುತ್ತೆ. ಹಿಂದೆ ಎಚ್‌ಡಿಎಂಐ ಇದೆಯಾ ನೋಡಿ. ಬರೀ ವಿಜಿಎ ಇದ್ದು ನಿಮ್ಮ ಲ್ಯಾಪ್‌ಟಾಪಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಸಾದಾ ಕೇಬಲ್ ನಡೆಯಲ್ಲ, ಒಳಗೆ ಚಿಪ್ ಇರುವ ಕನ್ವರ್ಟರ್ರೇ ಬೇಕು. ಮೊದಲು ನಿಮ್ಮ ಲ್ಯಾಪ್‌ಟಾಪ್ ಎಷ್ಟು ಮಾನಿಟರ್ ಎಳೆಯುತ್ತೆ ತಿಳಿದುಕೊಳ್ಳಿ. 2020ರ ಎಂ1 ಮ್ಯಾಕ್‌ಬುಕ್ ಏರ್ ಆಪಲ್ ಹೇಳುವ ಪ್ರಕಾರ ಹೊರಗಿನದು ಒಂದೇ ತಗೊಳ್ಳೋದು, ಎರಡು ಕೊಂಡು ಬಂದು ಆಮೇಲೆ ನನಗೆ ಫೋನ್ ಮಾಡಬೇಡಿ. ಮನೆಗೆ ಬಂದಮೇಲೆ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಟೇಬಲ್ ಮೇಲೆ ಹೇಗಿದೆಯೋ ಹಾಗೇ ಚೌಕಗಳನ್ನ ಜೋಡಿಸಿ. ಇಲ್ಲಾಂದರೆ ಮೌಸು ಬಲಕ್ಕೆ ಹೋಗಬೇಕಾದಲ್ಲಿ ಎಡಕ್ಕೆ ಮಾಯವಾಗುತ್ತೆ. ಸ್ಟ್ಯಾಂಡಿಗೆ ಟೇಬಲ್ ಅಂಚಿಗೆ ಕಚ್ಚಿಸುವ ಕ್ಲ್ಯಾಂಪಿನದು ತಗೊಳ್ಳಿ, ಬಾಡಿಗೆ ಮನೆಯಾದರೆ ಗೋಡೆಗೆ ಮಾತ್ರ ಡ್ರಿಲ್ ಹೊಡೆಸಬೇಡಿ. ಮಾನಿಟರಿಗೆ ಕೊಟ್ಟಿದ್ದರ ಎರಡರಷ್ಟು ಓನರ್ ಅಡ್ವಾನ್ಸಲ್ಲಿ ಮುರ್ಕೋತಾರೆ.