ಹಳೆಯ ಬೋಟು ಕೊಳ್ಳುವಾಗ ಎಂಜಿನ್ನಿಗಿಂತ ಮೊದಲು ಟ್ರಾನ್ಸಮ್ ನೋಡಿ

ಏಪ್ರಿಲ್ ಮುಗಿಯುತ್ತ ಬಂದಂತೆ ಗೋವಾದ ಮಾಂಡವಿ, ಜುವಾರಿ, ಶಾಪೋರಾ ನದಿಗಳ ದಡಗಳಲ್ಲಿ ಮಾರಾಟಕ್ಕಿರುವ ಬೋಟುಗಳು ಕಾಣತೊಡಗುತ್ತವೆ. ಮಳೆಗಾಲಕ್ಕೆ ಮೇಲೆಳೆದು, ತಾಡಪತ್ರಿ ಹೊದಿಸಿ ಕಾಯುವ ಖರ್ಚು ಯಾರಿಗೆ ಬೇಕು? ವಾಸ್ಕೊ, ಪಣಜಿ ಕಡೆ ನೆಲೆಸಿರುವ ನಮ್ಮವರು, ಕಾರವಾರದಿಂದ ನೋಡಲು ಬರುವವರು ಎಲ್ಲರೂ ಕೇಳುವುದು ಒಂದೇ: ‘ಎಂಜಿನ್ ಒಂದೇ ಸೆಲ್ಫಿಗೆ ಹಿಡೀತು, ತಗೊಳ್ಳಬಹುದಾ?’

ಎಂಜಿನ್ ಹಿಡಿಯುವುದು ಒಳ್ಳೆಯದೇ. ಆದರೆ ಅದು ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಬರುವ ವಸ್ತು. ಅದನ್ನು ಹೊತ್ತಿರುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್, ಬೋಟಿನ ಮೈಯೊಳಗೇ ಸೇರಿಕೊಂಡಿರುತ್ತದೆ. 16ರಿಂದ 22 ಅಡಿಯ ಹಳೆಯ ಫೈಬರ್ ಬೋಟಿನ ಬೆಲೆ ನಿಂತಿರುವುದು ಅಲ್ಲಿ. ಇಲ್ಲಿ ಬರೆದಿರುವುದೂ ಅಂಥ, ಎಂಜಿನ್ ಹಿಂಬದಿಯ ಹೊರಗೆ ತೂಗುವ ಔಟ್‌ಬೋರ್ಡ್ ಬೋಟುಗಳ ಬಗ್ಗೆ ಮಾತ್ರ.

ಹೊರಗೊಂದು ಒಳಗೊಂದು ಫೈಬರ್ ಪದರ, ನಡುವೆ ಪ್ಲೈವುಡ್: ಹಳೆಯ ಬೋಟುಗಳ ಟ್ರಾನ್ಸಮ್ ಸಾಮಾನ್ಯವಾಗಿ ಇಷ್ಟೇ. 60 ಎಚ್‌ಪಿಯ ಫೋರ್‌ಸ್ಟ್ರೋಕ್ ಎಂಜಿನ್ ನೂರು ಕಿಲೋಗೂ ಹೆಚ್ಚು ತೂಗುತ್ತದೆ. ಆ ತೂಕವೂ ತಳ್ಳುವ ಬಲವೂ ಬೀಳುವುದು ಈ ಪ್ಲೈವುಡ್ ಮೇಲೆ. ಎಂಜಿನ್ ಬೋಲ್ಟಿನ ಸುತ್ತ ಸೀಲೆಂಟ್ ಒಣಗಿ ಬಿರುಕು ಬಿಟ್ಟ ಜಾಗ, ಫಿಶ್‌ಫೈಂಡರ್ ಸೆನ್ಸರ್ ಕೂರಿಸಿದ ಸಣ್ಣ ಸ್ಕ್ರೂ, ನೀರು ಬಿಡುವ ಡ್ರೇನ್ ಪ್ಲಗ್ಗಿನ ತೂತು, ಈ ಮೂರು ಕಡೆಯಿಂದ ನೀರು ಒಳಗಿಳಿಯುತ್ತದೆ. ಹೊರಗೆ ಹೊಳಪು ಹಾಗೇ ಇದ್ದರೂ ಒಳಗೆ ಮರ ಕೊಳೆಯುತ್ತಿರುತ್ತದೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಎಂಜಿನ್ ಅರ್ಧ ಮೇಲೆತ್ತಿ, ನೀರಿಗಿಳಿಯುವ ಅದರ ಕಾಲಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಇನ್ನೊಬ್ಬರು ಟ್ರಾನ್ಸಮ್ಮಿನ ಮೇಲಂಚನ್ನೂ ಅದು ಪಕ್ಕದ ಗೋಡೆಗೆ ಸೇರುವ ಮೂಲೆಗಳನ್ನೂ ನೋಡುತ್ತಿರಲಿ. ಅಂಚು ಬಾಗಿದರೆ, ಮೂಲೆಯ ಬಿರುಕು ಬಾಯಿ ತೆರೆದು ಮುಚ್ಚಿದರೆ ಒಳಗೆ ಪ್ಲೈವುಡ್ ಹೋಗಿದೆ. ಆಮೇಲೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬನ್ನಿ. ಗಟ್ಟಿ ಇರುವಲ್ಲಿ ‘ಟಣ್’ ಎನ್ನುವ ಚುರುಕು ಸದ್ದು, ಕೊಳೆತಲ್ಲಿ ‘ಡಬ್’ ಎನ್ನುವ ಸತ್ತ ಸದ್ದು. ಮಾಲೀಕರು ಒಪ್ಪಿದರೆ ತಳದ ಹತ್ತಿರದ ಒಂದು ಸ್ಕ್ರೂ ಬಿಚ್ಚಿಸಿ. ಕಂದು ನೀರು ಜಿನುಗಿದರೆ ಮುಂದೆ ನೋಡುವುದೇನೂ ಉಳಿದಿಲ್ಲ. ಬೋಟೆಲ್ಲ ಹಳೆಯ ಬಣ್ಣ, ಟ್ರಾನ್ಸಮ್ಮಿಗೆ ಮಾತ್ರ ಹೊಸ ಬಣ್ಣ ಅಂದರೆ ಅನುಮಾನ ಪಡಿ. ಎರಡೂ ಬದಿಗೆ ದೊಡ್ಡ ಅಲ್ಯೂಮಿನಿಯಂ ತಗಡು ಕೂರಿಸಿದ್ದರೆ ಏಕೆಂದು ಕೇಳಿ. ರಿಪೇರಿ ಅಂದರೆ ಎಂಜಿನ್, ವೈರಿಂಗ್, ಸ್ಟೀರಿಂಗ್ ಎಲ್ಲ ಇಳಿಸಿ, ಒಂದು ಬದಿಯ ಫೈಬರ್ ಕತ್ತರಿಸಿ, ಹಳೆಯ ಮರ ಕೆತ್ತಿ ತೆಗೆದು, ಮರೀನ್ ಪ್ಲೈವುಡ್ ಕೂರಿಸಿ ಮತ್ತೆ ಫೈಬರ್ ಕಟ್ಟುವುದು. ಹಳೆಯ ಸಣ್ಣ ಬೋಟಿಗೆ ಆ ಖರ್ಚು ಅನೇಕ ಸಲ ಬೋಟಿನ ಬೆಲೆಯನ್ನೇ ನುಂಗುತ್ತದೆ.

ಬೋಟಿನ ನೆಲದ ಮೇಲೆ ಹಿಮ್ಮಡಿ ಊರಿ ನಡೆಯಿರಿ. ಮೆತ್ತಗಾದ ಕಡೆ ಕೆಳಗಿನ ಉದ್ದ ತೊಲೆಗಳೂ ಕೊಳೆತಿರಬಹುದು. ನೆಲದಡಿ ತೇಲುವುದಕ್ಕೆಂದು ತುಂಬಿದ ಫೋಮ್ ನೀರು ಹೀರಿದೆಯೋ ಎಂದು ತಿಳಿಯಲು ಲಾರಿ ತೂಗುವ ವೇಬ್ರಿಡ್ಜ್ ಇದೆ. ಬೋಟನ್ನು ಟ್ರೇಲರ್ ಸಮೇತ ತೂಗಿಸಿ. ಟ್ರೇಲರ್, ಎಂಜಿನ್, ಬ್ಯಾಟರಿಗಳ ತೂಕ, ಪೆಟ್ರೋಲಿಗೆ ಲೀಟರಿಗೆ ಸುಮಾರು 0.75 ಕಿಲೋ ಕಳೆಯಿರಿ. ಉಳಿದದ್ದು ಕಂಪನಿ ಹೇಳಿದ ತೂಕಕ್ಕಿಂತ ನೂರಿನ್ನೂರು ಕಿಲೋ ಹೆಚ್ಚಿದ್ದರೆ ಅದು ನೀರು. ಹೀಗೆ ನೆನೆದ ಫೋಮ್ ಬಿಸಿಲಿಗಿಟ್ಟರೆ ಒಣಗುವುದಿಲ್ಲ, ಕಿತ್ತೇ ಹಾಕಬೇಕು.

ತಳದ ಗುಳ್ಳೆಗಳಿಗೆ ಜನ ಅತಿಯಾಗಿ ಹೆದರುತ್ತಾರೆ ಎಂದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ನೀರಲ್ಲೇ ನಿಂತ ಬೋಟಿನ ಜೆಲ್‌ಕೋಟ್, ಅಂದರೆ ಹೊರಮೈಯ ಹೊಳಪು ಪದರದ ಅಡಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವುದು ಸಹಜ; ಚುಚ್ಚಿದರೆ ವಿನೆಗರ್‌ನಂಥ ಹುಳಿ ವಾಸನೆಯ ದ್ರವ ಬರುತ್ತದೆ. ಬೆಲೆ ಚೌಕಾಸಿಗೆ ಅದು ಕಾರಣವಾಗಲಿ, ಬಿಟ್ಟುಬರುವುದಕ್ಕಲ್ಲ. ಆದರೆ ಗುಳ್ಳೆ ಚೆನ್ನಾಗಿ ಕಾಣುವುದು ನೀರಿನಿಂದ ತೆಗೆದ ಕೂಡಲೇ, ಒಣಗಿದರೆ ಕುಗ್ಗುತ್ತದೆ. ಹಾಗಾಗಿ ಆರು ತಿಂಗಳಿಂದ ದಡದಲ್ಲಿರುವ ಬೋಟಿನ ತಳ ನುಣುಪಾಗಿದೆ ಎಂದು ನಂಬಿಬಿಡಬೇಡಿ. ನಿಜಕ್ಕೂ ನೋಡಬೇಕಾದದ್ದು ತಳದ ನಡುಗೆರೆ. ಮಾಂಡವಿಯ ಬಾಯಲ್ಲಿ ಆಗ್ವಾದ ಮರಳು ದಿಬ್ಬವಿದೆ. ಇಳಿತದಲ್ಲಿ ಇಂಥ ಕಡೆ ಉಜ್ಜಿದ ಬೋಟಿನ ಜೆಲ್‌ಕೋಟ್ ಸವೆದು ಒಳಗಿನ ಫೈಬರ್ ನಾರು ಕಾಣುತ್ತದೆ.

ಇನ್ನು ಎಂಜಿನ್. ನೀವು ಹೋಗುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿ. ಹೋದಾಗ ಮೈ ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟಿನಲ್ಲಿ ಏನೋ ಮರೆಮಾಚಿದ್ದಾರೆ ಎಂದೇ ಲೆಕ್ಕ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಲು ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ತಪ್ಪಿಸಿ, ಥ್ರಾಟಲ್ ಪೂರ್ತಿ ತೆರೆದು, ಗೇಜಿನ ಮುಳ್ಳು ನಿಲ್ಲುವವರೆಗೆ ತಿರುಗಿಸಿ. ಅಂಕಿ ಎಷ್ಟು ಎನ್ನುವುದಕ್ಕಿಂತ ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದೆಯೇ ಎನ್ನುವುದು ಮುಖ್ಯ. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆಯಾಗಿದ್ದರೆ ಮೊದಲು ಹೆಡ್ ಗ್ಯಾಸ್ಕೆಟ್ ಅನುಮಾನಿಸಿ.

ಗೇರ್ ಆಯಿಲ್ ನೋಡದೆ ಹೊರಡಬೇಡಿ. ಎಂಜಿನ್ ಕಾಲಿನ ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಮಾತ್ರ ಸ್ವಲ್ಪ ಸಡಿಲಿಸಿದರೆ ತಳದಲ್ಲಿ ಕೂತದ್ದೇ ಮೊದಲು ಬರುತ್ತದೆ. ಹಾಲು ಹಾಕಿದ ಚಹಾದಂತಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಸ್ಕ್ರೂವಿನ ಆಯಸ್ಕಾಂತಕ್ಕೆ ಬೂದು ಪೇಸ್ಟ್ ಹತ್ತಿದ್ದರೆ ಚಿಂತೆಯಿಲ್ಲ, ಲೋಹದ ಚೂರು ಇದ್ದರೆ ಗೇರ್ ಹಲ್ಲು ಮುರಿಯುತ್ತಿದೆ. ಎಂಜಿನ್ ಓಡುವಾಗ ಅದರ ಪಕ್ಕದಿಂದ ಚಿಮ್ಮುವ ನೀರಿನ ಧಾರೆ ತೆಳುವಾಗಿದ್ದರೆ ಇಂಪೆಲ್ಲರ್ (ತಂಪಿನ ನೀರೆತ್ತುವ ರಬ್ಬರ್ ಚಕ್ರ) ಸವೆದಿರಬಹುದು, ಇಲ್ಲವೇ ನೀರಿನ ದಾರಿಯಲ್ಲಿ ಉಪ್ಪು ಕಟ್ಟಿರಬಹುದು. ಮೊದಲನೆಯದು ಸಣ್ಣ ಕೆಲಸ, ಎರಡನೆಯದು ಅಲ್ಲ. ಹೆಡ್ಡಿನ ಸುತ್ತ ಬಿಳಿ ಉಪ್ಪಿನ ಕಲೆಯಿದ್ದರೆ ಓಡಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯುವ ರೂಢಿ ಇರಲಿಲ್ಲ. ಇಂಜೆಕ್ಷನ್ ಎಂಜಿನ್ ಆದರೆ ಡೀಲರ್ ಬಳಿ ಕಂಪ್ಯೂಟರ್ ಹಾಕಿಸಿ. ಎಷ್ಟು ಗಂಟೆ, ಯಾವ ವೇಗದಲ್ಲಿ ಓಡಿದೆ ಎನ್ನುವುದು ಅನೇಕ ಮಾದರಿಗಳಲ್ಲಿ ಸಿಗುತ್ತದೆ.

ಪೆಟ್ರೋಲಿನ ವಿಷಯ ಈಗ ಹೊಸದು. ಪಂಪುಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತದ್ದು. ಎಥೆನಾಲ್ ತೇವ ಹೀರುತ್ತದೆ, ಮಿತಿ ಮೀರಿದರೆ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತದೆ, ಎಂಜಿನ್ ಎಳೆದುಕೊಳ್ಳುವುದೂ ಅಲ್ಲಿಂದಲೇ. ಹಳೆಯ ರಬ್ಬರ್ ಪೈಪು ಒಳಗೇ ಸುಲಿಯುತ್ತದೆ. ಫಿಲ್ಟರಿನಲ್ಲಿ ಕಪ್ಪು ಚೂರು ಸಿಕ್ಕರೆ ಅದೇ. ಪೈಪು, ಪೆಟ್ರೋಲ್ ಏರಿಸಲು ಕೈಯಿಂದ ಒತ್ತುವ ರಬ್ಬರ್ ಬಲ್ಬ್, ಫಿಲ್ಟರ್ ಮೂರನ್ನೂ ಹೇಗಿದ್ದರೂ ಬದಲಿಸುವ ಖರ್ಚಿನಲ್ಲಿ ಸೇರಿಸಿ. ವೈರಿಂಗ್‌ಗೆ ಒಂದೇ ಪರೀಕ್ಷೆ: ತುದಿಯ ಎರಡು ಸೆಂಟಿಮೀಟರ್ ಸುಲಿಸಿ, ತಾಮ್ರ ಕಪ್ಪಾಗಿದ್ದರೆ ಆ ವೈರ್ ಪೂರ್ತಿ ಹೋಗಿದೆ.

ನೀರಿಗಿಳಿಸದೆ ದುಡ್ಡು ಕೊಡಬೇಡಿ. ನೀವು ಮುಂದೆ ಕರೆದೊಯ್ಯುವಷ್ಟೇ ಜನರನ್ನು ಕೂರಿಸಿ, ಅರ್ಧ ಗಂಟೆ ಓಡಿಸಿ, ಕೆಲವು ನಿಮಿಷ ಪೂರ್ತಿ ಥ್ರಾಟಲ್ ಕೊಡಿ. ಎಂಜಿನ್ ಕಂಪನಿ ಹೇಳಿದ ಆರ್‌ಪಿಎಂಗೆ, ಸಾಮಾನ್ಯವಾಗಿ 5000ದಿಂದ 6000ದ ನಡುವೆ, ಮುಟ್ಟಬೇಕು. ಮುಟ್ಟದಿದ್ದರೆ ಪ್ರೊಪೆಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ನೋಡಿ: ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ತಳಕ್ಕೆ ಚಿಪ್ಪು ಹತ್ತಿದ್ದರೂ ಹೀಗಾಗುತ್ತದೆ. ಸಾವಿರದಷ್ಟು ಕೊರತೆ ಇದ್ದು ತಳ ಸ್ವಚ್ಛವಾಗಿದ್ದರೆ ಎಂಜಿನ್ನೇ ಸೋತಿರುವ ಸಾಧ್ಯತೆ ಹೆಚ್ಚು. ದಡಕ್ಕೆ ಬಂದ ಮೇಲೆ ತಳದಲ್ಲಿ ನೀರು ನಿಂತಿದೆಯೇ ನೋಡಿ.

ಬೆಲೆ ಕಟ್ಟುವಾಗ ಬೋಟು, ಎಂಜಿನ್, ಟ್ರೇಲರ್ ಮೂರಕ್ಕೂ ಬೇರೆಬೇರೆ ಬೆಲೆ ಬರೆದುಕೊಳ್ಳಿ. ಟ್ರಾನ್ಸಮ್ ಕೊಳೆತಿದ್ದರೆ ಬೋಟಿನ ಸಾಲಿನಲ್ಲಿ ಸೊನ್ನೆ. ಎಂಜಿನ್ನಿಗೂ ಟ್ರೇಲರಿಗೂ ಮಾತ್ರ ಕೊಡಿ. ಒಂದು ಸಿಲಿಂಡರ್ ಸೋತ ಎಂಜಿನ್ನಿಗೆ ಬಿಡಿಭಾಗದ ಬೆಲೆ. ಉಳಿದ ಮೊತ್ತದಿಂದ ಮೊದಲ ವರ್ಷದ ಕೆಲಸಗಳಿಗೆ ಮೆಕ್ಯಾನಿಕ್ ಹೇಳಿದ ದುಡ್ಡು, ಅದರ ಮೇಲೆ ಇನ್ನೂ ಕಾಲು ಭಾಗ ಕಳೆಯಿರಿ. ‘ಹೊಸ ಎಂಜಿನ್ ಇಷ್ಟಾಗತ್ತೆ’ ಎಂದು ಮಾರುವವರು ಶುರುಮಾಡುವ ಲೆಕ್ಕಕ್ಕೆ ತಲೆದೂಗಬೇಡಿ.

ಕಾಗದಗಳಲ್ಲಿ ಎಂಜಿನ್ ನಂಬರ್, ಬೋಟಿನ ಮೇಲಿನ ನಂಬರ್ ಎರಡನ್ನೂ ನೀವೇ ಓದಿ ನೋಂದಣಿ ಪತ್ರದೊಂದಿಗೆ ತಾಳೆ ನೋಡಿ, ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯಲ್ಲಿ ಹೆಸರು ವರ್ಗಾವಣೆ ಬಗ್ಗೆ ವಿಚಾರಿಸಿ. ಮೀನುಗಾರಿಕೆಗೆಂದು ನೋಂದಣಿಯಾದ ಬೋಟನ್ನು ಸವಾರಿಗೆ ಬಳಸುವುದಾದರೆ ಮೊದಲೇ ಕೇಳಿ. ಟೋಕನ್ ಕೊಡುವಾಗ ‘ನೀರಿನಲ್ಲಿ ಓಡಿಸಿ ನೋಡಿ ಒಪ್ಪಿಗೆಯಾಗದಿದ್ದರೆ ಹಣ ವಾಪಸ್’ ಎಂದು ಚೀಟಿ ಬರೆಸಿಕೊಳ್ಳಿ, ಓಡಿಸುವ ದಿನಾಂಕ ಮೇ ತಿಂಗಳೊಳಗೇ ಇರಲಿ. ಜೂನ್ ಬಂದರೆ ಅಕ್ಟೋಬರಿನವರೆಗೆ ನಿಮಗೆ ಓಡಿಸಿ ನೋಡುವಂಥ ಶಾಂತ ನೀರು ಸಿಗುವುದು ಕಷ್ಟ.